ಡಯಲ್ಲಿಗೊಂದು ಚೀಟಿ

ಏರ್ ರೈಫಲ್ಲಿನ ಸ್ಕೋಪಿನ, ಅಂದರೆ ಗುರಿ ನೋಡುವ ದುರ್ಬೀನಿನ, ನೆತ್ತಿಯ ಮೇಲೆ ಒಂದು ಡಯಲ್ ಇರುತ್ತದೆ. ತಿರುಗಿಸಿದರೆ ಕಟ್ ಕಟ್ ಎಂದು ಸದ್ದು ಮಾಡುತ್ತ ಗುರಿಯನ್ನು ಮೇಲೆ ಕೆಳಗೆ ಸರಿಸುತ್ತದೆ. ನನ್ನದರಲ್ಲಿ ಒಂದು ಕ್ಲಿಕ್ಕಿಗೆ 0.1 ಮಿಲ್. ಮಿಲ್ ಎಂಬುದು ಕೋನದ ಅಳತೆ, ದೂರದ ಸಾವಿರದಲ್ಲೊಂದು ಪಾಲು. ಅಂದರೆ 100 ಮೀಟರಿನಲ್ಲಿ 1 ಸೆಂ.ಮೀ., 50 ಮೀಟರಿನಲ್ಲಿ 5 ಮಿ.ಮೀ. ಮಾಡಿದವರು ಅದರ ಸುತ್ತ 0, 1, 2, 3, 4 ಎಂದು ಮಿಲ್ಲುಗಳನ್ನು ಮುದ್ದಾಗಿ ಕೆತ್ತಿದ್ದಾರೆ. ಆದರೆ ಯಾವ ಗುರಿಹಲಗೆಯೂ "ನನಗೆ ಇಷ್ಟು ಮಿಲ್ ಸಾಕು" ಎಂದು ಬಾಯಿಬಿಟ್ಟು ಹೇಳುವುದಿಲ್ಲ. ಅದು ಮೀಟರುಗಳ ಲೆಕ್ಕದಲ್ಲಿ ದೂರ ನಿಂತಿರುತ್ತದೆ, ಅಷ್ಟೆ. ಮೀಟರನ್ನು ಮಿಲ್ಲಿಗೆ ಇಳಿಸುವ ಕೋಷ್ಟಕವನ್ನು ರೈಫಲ್ಲಿನ ಹಿಂಬದಿಗೆ ಅಂಟಿಸಿಕೊಳ್ಳುವವರಿದ್ದಾರೆ. ನಾನೂ ಅಂಟಿಸಿಕೊಂಡಿದ್ದೆ. ಕೆನ್ನೆ ಎತ್ತಿ, ಕೋಷ್ಟಕ ಓದಿ, ಡಯಲ್ ತಿರುಗಿಸಿ, ಮತ್ತೆ ಕೆನ್ನೆ ಊರುವಷ್ಟರಲ್ಲಿ ಯಾವ ಹಲಗೆಗೆ ಗುರಿ ಇಟ್ಟಿದ್ದೆ ಅನ್ನುವುದೇ ಮರೆತುಹೋಗುತ್ತಿತ್ತು.

ಅದರ ಬದಲು ಡಯಲ್ಲಿನ ಮೇಲೇ ಮೀಟರ್ ಬರೆದುಬಿಟ್ಟರೆ? 40 ಅಂದರೆ 40ಕ್ಕೆ ತಿರುಗಿಸು, ಹೊಡೆ. ಬೇಕಾದದ್ದು ಒಂದು ಕಾಗದದ ಪಟ್ಟಿ, ಕತ್ತರಿ, ಅಂಟು. ಮಕ್ಕಳ ಕೆಲಸ. ನಿಜವಾಗಿ ಮಕ್ಕಳ ಕೈಗೇ ಕೊಟ್ಟಿದ್ದರೆ ಬೇಗ ಮುಗಿಯುತ್ತಿತ್ತೇನೋ.

ಮೊದಲು ಡಯಲ್ಲಿನ ಸುತ್ತಳತೆ ಬೇಕು. ದಾರ ಸುತ್ತಿ ನೋಡಿದೆ. ಬಿಗಿಯಾಗಿ ಎಳೆದರೆ ಒಂದು ಅಳತೆ, ಸಡಿಲ ಬಿಟ್ಟರೆ ಇನ್ನೊಂದು. ನಾನು ಯಾವ ಉತ್ತರ ಬಯಸಿದರೂ ಕೊಡಲು ದಾರ ಸಿದ್ಧವಿತ್ತು. ಕೊನೆಗೆ ವರ್ನಿಯರ್ ಕ್ಯಾಲಿಪರ್ ಹಿಡಿದೆ. ವ್ಯಾಸ 32 ಮಿ.ಮೀ., ಪೈಯಿಂದ ಗುಣಿಸಿದರೆ ಸುತ್ತಳತೆ 100.5 ಮಿ.ಮೀ. ಒಂದು ಸುತ್ತಿಗೆ 50 ಕ್ಲಿಕ್, ಹಾಗಾಗಿ ಕ್ಲಿಕ್ಕಿಗೆ 2 ಮಿ.ಮೀ. ಮತ್ತು ಒಂದಿಷ್ಟು ಚಿಲ್ಲರೆ. ಶಾಲೆ ಬಿಟ್ಟ ಮೇಲೆ ಪೈ ನನ್ನ ಉಪಯೋಗಕ್ಕೆ ಬಂದದ್ದು ಇದೇ ಮೊದಲು. ಆ ಸಂತೋಷದಲ್ಲೇ ಕಂಪ್ಯೂಟರಿನಲ್ಲಿ ಪಟ್ಟಿ ಎಳೆದು ಪ್ರಿಂಟ್ ಕೊಟ್ಟೆ.

ಪ್ರಿಂಟರಿಗೆ ಒಂದು ಅತಿವಿನಯವಿದೆ. ಹಾಳೆಯ ಅಂಚಿಗೆ ಏನೂ ತಾಗಬಾರದೆಂದು, ಯಾರೂ ಕೇಳದಿದ್ದರೂ, ಎಲ್ಲವನ್ನೂ ಶೇಕಡ 97ಕ್ಕೆ ಕುಗ್ಗಿಸಿಬಿಡುತ್ತದೆ. ರಜೆ ಅರ್ಜಿ ನೂರಕ್ಕೆ ಮೂರು ಪಾಲು ಕುಗ್ಗಿದರೆ ರಜೆ ಕೊಡುವವರಿಗೂ ತಿಳಿಯುವುದಿಲ್ಲ. ಆದರೆ 100.5ರ ಪಟ್ಟಿ 97.5 ಆದರೆ ಒಂದೂವರೆ ಕ್ಲಿಕ್ ಮಂಗಮಾಯ. ಡಯಲ್ಲಿಗೆ ಸುತ್ತಿದ ಪಟ್ಟಿಯ ಎರಡು ತುದಿಗಳು ಹೊಟ್ಟೆ ಬಂದವನ ಹಳೆ ಪ್ಯಾಂಟಿನ ಗುಂಡಿ ಮತ್ತು ಕಾಜದ ಹಾಗೆ ಒಂದನ್ನೊಂದು ದೂರದಿಂದಲೇ ನೋಡುತ್ತಿದ್ದವು. 'ಇದ್ದ ಅಳತೆಯಲ್ಲೇ' ಎಂಬ ಆಯ್ಕೆಯನ್ನು ಅದು ಅಡಗಿ ಕೂತಿದ್ದ ಮೂಲೆಯಿಂದ ಎಳೆದು ತಂದು ಮತ್ತೆ ಪ್ರಿಂಟ್ ಹಾಕಿದೆ. ಆಗಲೂ ತುದಿಗಳ ನಡುವೆ ಕೂದಲೆಳೆಯ ಸಂದು. ಕಾಗದ, ಅದರ ಕೆಳಗೊಂದು ಟೇಪು ಸೇರಿ ದಪ್ಪ 0.2 ಮಿ.ಮೀ. ಆದರೂ ಹೊರಮೈಯ ಸುತ್ತಳತೆ 1.26 ಮಿ.ಮೀ. ಹಿಗ್ಗುತ್ತದೆ. ಈ ಲೆಕ್ಕವನ್ನೂ ಸೇರಿಸಿ, ಸಂದು ಕಾಣದ ಹಾಗೆ ತುದಿ ಜೋಡಿಸುವುದರಲ್ಲಿ ನಾನು ಕಳೆದ ಸಂಜೆಗಳ ಬಗ್ಗೆ ಆಮೇಲೆ ಹೇಳುತ್ತೇನೆ.

ನಡುವೆ ದಿಕ್ಕಿನ ರಗಳೆಯೂ ಒಂದಾಯಿತು. ಈ ಡಯಲ್ ಅಪ್ರದಕ್ಷಿಣವಾಗಿ ತಿರುಗಿದರೆ ಹೊಡೆತ ಮೇಲೇರುತ್ತದೆ. ಹಾಗೆ ತಿರುಗುವಾಗ ಸ್ಕೋಪಿನ ಹಿಂದೆ ಕೂತವನ ಕಣ್ಣಿಗೆ ಅಂಕಿಗಳು ಎಡಗಡೆಯಿಂದ ಬರುತ್ತವೆ. ಆದ್ದರಿಂದ ಪಟ್ಟಿಯಲ್ಲಿ ಚಿಕ್ಕ ಅಂಕಿ ಬಲಕ್ಕಿರಬೇಕು, ದೊಡ್ಡದು ಎಡಕ್ಕೆ. ಕನ್ನಡ ಓದುವವನ ಕೈಗೆ ಇದು ಹೊಳೆಯುವ ಮಾತಲ್ಲ. ಹುಟ್ಟಿದಾಗಿನಿಂದ ನಡೆದುಬಂದ ರೀತಿಯಲ್ಲಿ ಎಡದಿಂದ ಬಲಕ್ಕೆ ಬರೆದ ಪಟ್ಟಿ ನೋಡಲು ಬಹಳ ಚೆನ್ನಾಗಿತ್ತು. ಅದನ್ನು ನಂಬಿ 50ಕ್ಕೆ ತಿರುಗಿಸಿದರೆ ಪೆಲೆಟ್ ಎಂಬ ಪುಟ್ಟ ಗುಂಡು ಮಾತ್ರ ಹಲಗೆಗೆ ಮೊದಲೇ ನೆಲ ನೋಡುತ್ತಿತ್ತು.

ಇದೆಲ್ಲ ಪೀಠಿಕೆ. ಅಸಲಿ ತಮಾಷೆ ಅಂಕಿಗಳದ್ದು.

ಪೆಲೆಟ್ ಸೆಕೆಂಡಿಗೆ 240 ಮೀಟರ್ ವೇಗದಲ್ಲಿ ಹೊರಟಿತು ಎಂದುಕೊಳ್ಳೋಣ. ಗಾಳಿಯ ತಡೆಯನ್ನು ಲೆಕ್ಕಕ್ಕೆ ಹಿಡಿಯದಿದ್ದರೂ ಅದು 25 ಮೀಟರ್ ಹೋಗುವಷ್ಟರಲ್ಲಿ 5 ಸೆಂ.ಮೀ., 50 ಮೀಟರ್ ಹೋಗುವಷ್ಟರಲ್ಲಿ 21 ಸೆಂ.ಮೀ. ಕೆಳಗಿಳಿಯುತ್ತದೆ. ದೂರ ಎರಡರಷ್ಟಾದರೆ ಇಳಿತ ನಾಲ್ಕರಷ್ಟು. ಆದರೆ ಒಂದು ಮಿಲ್ಲಿನ ಅಳತೆಯೂ ದೂರದ ಜೊತೆಗೇ ಹಿಗ್ಗುವುದರಿಂದ ಡಯಲ್ಲನ್ನು ತಿರುಗಿಸಬೇಕಾದದ್ದು ಎರಡರಷ್ಟೇ, ಹಾಗಾಗಿ ಅಂಕಿಗಳ ನಡುವಿನ ಅಂತರ ಉದ್ದಕ್ಕೂ ಒಂದೇ ಇರಬೇಕು. 10, 15, 20 ಎಂದು ಸಾಲಾಗಿ ಶುರುವಾಗಿ 50ಕ್ಕೆ ಮುಗಿಯಬೇಕು. ಕಾಗದದ ಮೇಲೆ ಇದು ಬಲು ಶಿಸ್ತಿನ ಮೆರವಣಿಗೆ. ಅದನ್ನು ಕೆಡಿಸಿದ್ದು ಇಷ್ಟು ದಿನ ಕಣ್ಣೆದುರಿಗೇ ಇದ್ದ ಸಂಗತಿ: ಸ್ಕೋಪ್ ಕೂತಿರುವುದು ನಳಿಗೆಗಿಂತ 5 ಸೆಂ.ಮೀ. ಮೇಲೆ.

ಪೆಲೆಟ್ ಹೊರಡುವುದು ನೋಟದ ಗೆರೆಯ ಕೆಳಗಿನಿಂದ. ನಳಿಗೆ ಒಂದಿಷ್ಟು ಮೇಲ್ಮುಖವಾಗಿರುವುದರಿಂದ ಅದು ಏರಿ ಬಂದು ಆ ಗೆರೆಯನ್ನು ಮುಟ್ಟುತ್ತದೆ, ಆಮೇಲೆ ಇಳಿಯುತ್ತದೆ. ತೀರಾ ಹತ್ತಿರದ ಹಲಗೆಗೆ ಹೊಡೆದರೆ ಅದಿನ್ನೂ ಏರುವ ದಾರಿಯಲ್ಲೇ ಇರುತ್ತದೆ. ಅಂದರೆ ದೂರದ್ದಕ್ಕೆ ಹೇಗೋ ಹಾಗೆ ಹತ್ತಿರದ್ದಕ್ಕೂ ಡಯಲ್ಲನ್ನು ಮೇಲಕ್ಕೇ ತಿರುಗಿಸಬೇಕು. 25 ಮೀಟರನ್ನು ಸೊನ್ನೆ ಎಂದಿಟ್ಟುಕೊಂಡು ಮತ್ತೆ ಲೆಕ್ಕ ಹಾಕಿದೆ. 30ಕ್ಕೆ ಒಂದು ಕ್ಲಿಕ್, 20ಕ್ಕೂ ಒಂದೇ ಕ್ಲಿಕ್. 40ಕ್ಕೆ ಐದು, 15ಕ್ಕೂ ಐದು. 50ಕ್ಕೆ ಹನ್ನೊಂದು. ಇನ್ನು ಎಲ್ಲರಿಗಿಂತ ಹತ್ತಿರ, ಕೈಚಾಚಿದರೆ ಸಿಗುವಂತಿದ್ದ 10 ಮೀಟರಿಗೆ? ಹದಿನೇಳು! ಎಲ್ಲಕ್ಕಿಂತ ದೂರದ 50ನ್ನೂ ದಾಟಿ 10 ಆಚೆ ಹೋಗಿ ಕೂತಿತ್ತು. ರೇಂಜಿಗೆ ಹೋಗಿ ಹೊಡೆದು ನೋಡಿದಾಗ ಗಾಳಿಯೂ ತನ್ನ ಪಾಲು ಕೇಳಿತು. ದೂರದ ಅಂಕಿಗಳೆಲ್ಲ ಇನ್ನಷ್ಟು ಸರಿದು, 50 ಹೋಗಿ 10ರ ಮಗ್ಗುಲಿಗೇ ಒರಗಿತು. ಒಂದೇ ಗೆರೆಯನ್ನು ಹಂಚಿಕೊಂಡವರು ಜಗಳವಾಡದಿರಲಿ ಎಂದು ಹತ್ತಿರದವುಗಳಿಗೆ ಕೆಂಪು ಶಾಯಿ, ದೂರದವುಗಳಿಗೆ ಕಪ್ಪು ಎಂದು ಪಾಲು ಮಾಡಿದೆ.

ಈಗ ಆ ಸಂಜೆಗಳ ವಿಷಯ. ಇಷ್ಟೂ ಅಂಕಿಗಳು ಸೇರಿ ಪಟ್ಟಿಯಲ್ಲಿ ಹಿಡಿದ ಜಾಗ ನಾಲ್ಕು ಸೆಂ.ಮೀ. ಆಸುಪಾಸು. ಉಳಿದದ್ದೆಲ್ಲ ಬಿಳಿ ಬಯಲು. ನಾನು ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು, ಉಸಿರು ಬಿಗಿಹಿಡಿದು ಜೋಡಿಸಿದ್ದ ಆ ತುದಿಗಳು ಸೇರುತ್ತಿದ್ದದ್ದು ಈ ಬಯಲಿನ ನಟ್ಟನಡುವೆ. ಅಲ್ಲಿ ಸಂದಿದ್ದರೂ ಒಂದೇ, ಇಲ್ಲದಿದ್ದರೂ ಒಂದೇ, ಎಮ್ಮೆ ನುಗ್ಗುವಷ್ಟು ಬಿರುಕು ಬಿಟ್ಟಿದ್ದರೂ ಕೇಳುವವರಿರಲಿಲ್ಲ.

ಇನ್ನು ಬೆವರಿನಿಂದ ಶಾಯಿಯನ್ನು ಕಾಪಾಡಬೇಕು. ಅಂಕಿಗಳನ್ನು ಅಳಿಸಲಾಗದ ಮಾರ್ಕರಿನಲ್ಲೇ ಬರೆದಿದ್ದರೂ ಮೇಲೊಂದು ಲೇಪ ಇರಲಿ ಎಂದು ತಂಗಿಯ ಬಣ್ಣವಿಲ್ಲದ ನೇಲ್ ಪಾಲಿಶ್ ಕೇಳಿದೆ.

"ಯಾಕಣ್ಣಾ, ನಿನಗಾ?"

"ಡಯಲ್ಲಿಗೆ."

ಅವಳು ಮುಂದೇನೂ ಕೇಳದೆ ಕೊಟ್ಟಳು. ಮನೆಯವರು ನನ್ನ ಬಗ್ಗೆ ಎಂಥ ಅಭಿಪ್ರಾಯ ಇಟ್ಟುಕೊಂಡಿದ್ದಾರೆ ಎಂಬುದಕ್ಕೆ ಅದೇ ಸಾಕ್ಷಿ. ಬ್ರಷ್ಷಿನಲ್ಲಿ ತೆಳ್ಳಗೆ ಸವರಿದೆ. ನೇಲ್ ಪಾಲಿಶಿನಲ್ಲಿ ಬೇಗ ಒಣಗಲಿ ಎಂದು ಸೇರಿಸುವ ದ್ರಾವಕವಿರುತ್ತದೆ. ನೀರಿಗೆ ಜಗ್ಗದ ಮಾರ್ಕರಿನ ಶಾಯಿ ಆ ದ್ರಾವಕ ಕಂಡೊಡನೆ ಕರಗಿ ನೀರಾಗುತ್ತದೆ. ಕೆಂಪು 15, ಕಪ್ಪು 40 ಎಂಬ ಭೇದವೆಲ್ಲ ಅಳಿದು ಕಂದು ಬಣ್ಣದ ಒಂದೇ ಕುಟುಂಬವಾಯಿತು. ತಂಗಿ ಬಗ್ಗಿ ನೋಡಿ, "ಬಣ್ಣ ಚೆನ್ನಾಗಿದೆ, ಇದು ಯಾವ ಶೇಡು?" ಎಂದಳು.

ಮುಂದಿನ ಪಟ್ಟಿಗೆ ಪಾರದರ್ಶಕ ಟೇಪೇ ಗತಿಯಾಯಿತು. ಅಂಟಿಸುವ ಕೆಲಸದ ಬಗ್ಗೆ ಹೇಳುವಂಥದ್ದೇನಿಲ್ಲ. ಡಯಲ್ಲಿನ ಟೋಪಿಯನ್ನು ಹಿಡಿದಿಟ್ಟ ಸ್ಕ್ರೂಗಳು ಸಾಸಿವೆ ಗಾತ್ರದವು, ಬಿದ್ದರೆ ನೆಲಕ್ಕೇ ಸೇರಿದವು ಎಂಬುದಷ್ಟೇ ಸಾಕು.

ಪಟ್ಟಿ ಕೆಲಸ ಮಾಡಿತು. ಕಪ್ಪು 40ಕ್ಕೆ ತಿರುಗಿಸಿದರೆ 40ರ ಹಲಗೆ ಠಣ್ ಎನ್ನುತ್ತಿತ್ತು. ಆ ಡಬ್ಬಿಯ ಪೆಲೆಟ್ ಮುಗಿಯುವವರೆಗೂ ಎನ್ನುತ್ತಲೇ ಇತ್ತು. ಮುಂದಿನ ಡಬ್ಬಿಯ ಪೆಲೆಟ್ ತುಸು ಭಾರ, ವೇಗ ತುಸು ಕಡಿಮೆ, ಹಾಗಾಗಿ ಬೀಳುವುದು ತುಸು ಜಾಸ್ತಿ. ಇಂಥ ಪಟ್ಟಿ ನಿಜ ಹೇಳುವುದು ಒಂದೇ ರೈಫಲ್, ಒಂದೇ ಪೆಲೆಟ್, ಸ್ಕೋಪಿನ ಒಂದೇ ಎತ್ತರಕ್ಕೆ. ಆದ್ದರಿಂದ ಪಟ್ಟಿಗಳ ಒಂದು ಕಡತವೇ ಈಗ ನನ್ನ ಹತ್ತಿರ ಇದೆ.

ಇದನ್ನು ಕಂಡ ಗೆಳೆಯನಿಗೂ ಆಸೆ ಹುಟ್ಟಿತು. ಅವನ ಸ್ಕೋಪಿಗೆ ಮಿಲ್ ಇಲ್ಲ, ಕ್ಲಿಕ್ಕಿಗೆ ಕಾಲು ಮಿನಿಟು (ಗಡಿಯಾರದ್ದಲ್ಲ, ಕೋನದ್ದು: ಡಿಗ್ರಿಯ ಅರವತ್ತರಲ್ಲೊಂದು ಪಾಲು). ದೂರ ಅಳೆಯುವುದು ಗಜದಲ್ಲಿ. ಡಯಲ್ ತಿರುಗುವುದೂ ನನ್ನದಕ್ಕೆ ತದ್ವಿರುದ್ಧ. ಇಷ್ಟನ್ನೂ ಬರೆದುಕೊಂಡೆ. ವ್ಯಾಸ ಅಳೆದೆ, ಸ್ಕೋಪಿನ ಎತ್ತರ ಅಳೆದೆ, ಪೆಲೆಟ್ ಡಬ್ಬಿಯ ಮೇಲಿನ ಅಂಕಿಯನ್ನೂ ಗುರುತು ಹಾಕಿಕೊಂಡೆ. ಇನ್ನೇನಾದರೂ ಇದೆಯೇನೋ ಎಂದು ಕೇಳಿದೆ. ಅವನು ನನ್ನ ಪಟ್ಟಿಯನ್ನು ಬೆಳಕಿಗೆ ಹಿಡಿದು, ಸುತ್ತ ತಿರುಗಿಸಿ ನೋಡಿ ಹೇಳಿದ:

"ಇಷ್ಟೊಂದು ಜಾಗ ಖಾಲಿ ಇದೆಯಲ್ಲೋ. ಅಲ್ಲಿ ನನ್ನ ಹೆಸರು ಹಾಕಿಬಿಡು, ದಪ್ಪಕ್ಷರದಲ್ಲಿ."