ಅವರು ಮೊದಲು ಹೊಲಕ್ಕೆ ಇಳಿದರು

ಆಫ್ರಿಕಾದ ರುವಾಂಡ ದೇಶದ ರಾಜಧಾನಿ ಕಿಗಾಲಿಯ ನಮ್ಮ ಆಫೀಸಿನಲ್ಲಿ ಜೊತೆಗೆ ಕೆಲಸ ಮಾಡುವ ಹೆಣ್ಣುಮಗಳೊಬ್ಬಳು ಮೊನ್ನೆ ಊಟದ ಹೊತ್ತಿನಲ್ಲಿ ಫೋನ್ ತೆಗೆದು ತನ್ನ ಜಮೀನಿನ ಪತ್ರ ತೋರಿಸಿದಳು. ಗುಡ್ಡದ ಇಳಿಜಾರಿನಲ್ಲಿರುವ ಸಣ್ಣ ಬಾಳೆ ತೋಟ. ಪತ್ರದಲ್ಲಿ ತೋಟದ ನಕ್ಷೆ, ನಂಬರು, ಗಂಡ ಹೆಂಡತಿ ಇಬ್ಬರ ಹೆಸರು, ಇಬ್ಬರಿಗೂ ಸಮಪಾಲು. ನೋಡಿ ಸಂತೋಷವಾಯಿತು, ಹಿಂದೆಯೇ ಸಂಕಟವೂ ಆಯಿತು. ನಮ್ಮಪ್ಪ ತೀರಿಕೊಂಡು ವರ್ಷಗಳೇ ಕಳೆದವು. ಊರಿನ ಹೊಲದ ಪಹಣಿ ಇನ್ನೂ ತಾತನ ಹೆಸರಲ್ಲೇ ಇದೆ.

ಪೌತಿ ಖಾತೆಗೆ, ಅಂದರೆ ತೀರಿಕೊಂಡವರ ಜಮೀನನ್ನು ವಾರಸುದಾರರ ಹೆಸರಿಗೆ ಮಾಡಿಸಲು, ತಮ್ಮ ಓಡಾಡುತ್ತಲೇ ಇದ್ದಾನೆ. ವಂಶವೃಕ್ಷ ಕೊಟ್ಟಾಯಿತು, ದೊಡ್ಡಪ್ಪನ ಮಕ್ಕಳಿಂದ ಸಹಿ ಹಾಕಿಸಿದ್ದಾಯಿತು. ಖಾತೆ ಆದರೂ ಪೋಡಿ ಆಗಬೇಕು, ಅಂದರೆ ಹೊಲ ಅಳೆದು ಒಬ್ಬೊಬ್ಬರ ಪಾಲನ್ನು ನಕ್ಷೆಯಲ್ಲಿ ಬೇರೆ ಮಾಡಬೇಕು. ಪಹಣಿಯಲ್ಲಿ ಎಕರೆ, ಗುಂಟೆ ಎಲ್ಲ ಇದೆ. ಆ ಗುಂಟೆಗಳು ಹೊಲದಲ್ಲಿ ಎಲ್ಲಿಂದ ಎಲ್ಲಿಯವರೆಗೆ ಅಂತ ಯಾವ ಕಾಗದವೂ ಹೇಳುವುದಿಲ್ಲ. ಸರ್ವೆಯವರು ಯಾವಾಗ ಬರುತ್ತಾರೆ ಅಂದರೆ, 'ಸೀನಿಯಾರಿಟಿ ಪ್ರಕಾರ' ಅನ್ನುತ್ತಾರೆ.

ಕಂಪ್ಯೂಟರ್ ನಮಗೆ ಹೊಸದೇನಲ್ಲ. ಸುಮಾರು 2 ಕೋಟಿ ಪಹಣಿಗಳನ್ನು ಕರ್ನಾಟಕದ 'ಭೂಮಿ' ಯೋಜನೆ ಕಂಪ್ಯೂಟರಿಗೆ ಏರಿಸಿದ್ದು ಈ ಶತಮಾನದ ಶುರುವಿನಲ್ಲೇ. ಆಗ ರುವಾಂಡದಲ್ಲಿ ಹಳ್ಳಿಗರ ಕೈಯಲ್ಲಿ ಭೂಮಿಯ ಕಾಗದ ಇರುತ್ತಿದ್ದುದೇ ಅಪರೂಪ. ಆದರೆ ನಾವು ಏರಿಸಿದ್ದು ಶಾನುಭೋಗರ ಕಾಲದಿಂದ ಬಂದ ಬರಹವನ್ನು. ಹೊಲಕ್ಕೆ ಯಾರೂ ಹೋಗಲಿಲ್ಲ. ತಪ್ಪಿದ್ದ ಹೆಸರು ತಪ್ಪಾಗಿಯೇ ಪ್ರಿಂಟ್ ಆಗಿ ಬಂತು.

ಇಲ್ಲಿ ಮೊದಲು ಹೊಲಕ್ಕೇ ಇಳಿದರು. 2009ರಿಂದ ನಾಲ್ಕೈದು ವರ್ಷದಲ್ಲಿ ಇಡೀ ದೇಶದ 1 ಕೋಟಿಗೂ ಜಾಸ್ತಿ ತುಂಡುಗಳನ್ನು ಗುರುತಿಸಿ ಮುಗಿಸಿದರು. ಮಾಡಿದ ರೀತಿ ಕೇಳಿ ನಾನು ಬೆರಗಾದೆ. ವಿಮಾನದಿಂದ ತೆಗೆದ ಫೋಟೋವನ್ನು ದೊಡ್ಡ ಹಾಳೆಯಲ್ಲಿ ಪ್ರಿಂಟ್ ಮಾಡಿಕೊಂಡು, ಸ್ವಲ್ಪ ತರಬೇತಿ ಪಡೆದ ಊರಿನ ಹುಡುಗ ಹುಡುಗಿಯರೇ ಹೊಲಕ್ಕೆ ಬರುತ್ತಿದ್ದರು. ಹೊಲದವನು ಬದುವಿನ ಮೇಲೆ ನಡೆಯುವುದು, ಅಕ್ಕಪಕ್ಕದವರು ಜೊತೆಯಲ್ಲಿ ನಡೆಯುವುದು. ಎಲ್ಲರೂ ಹೂಂ ಅಂದ ಮೇಲೆ ಫೋಟೋದ ಮೇಲೆ ಪೆನ್ನಿನಲ್ಲಿ ಗೆರೆ. ಅಲ್ಲೇ ಒಂದು ಚೀಟಿ ಹರಿದು ಕೈಗೆ ಕೊಡುತ್ತಿದ್ದರು. ತಕರಾರು ಬಂದರೆ ಅದನ್ನೂ ಬರೆದುಕೊಳ್ಳುತ್ತಿದ್ದರು. ಇಂಥ ವ್ಯಾಜ್ಯಗಳನ್ನು ಬಗೆಹರಿಸಲು 'ಅಬುಂಜಿ' ಅಂತ ಊರ ಹಿರಿಯರ ಸಮಿತಿಗಳಿವೆ.

ನಮ್ಮ ಚಕ್ಕುಬಂದಿಯೂ ಇದೇ ಅಲ್ವಾ? ಪೂರ್ವಕ್ಕೆ ಇಂಥವರ ಹೊಲ, ಪಶ್ಚಿಮಕ್ಕೆ ಹಳ್ಳ ಅಂತ ಕ್ರಯಪತ್ರದಲ್ಲಿ ಬರೆಯುತ್ತಲೇ ಬಂದಿದ್ದೇವೆ. ಆ ಪೂರ್ವದ ಹೊಲದವನನ್ನು ಕರೆದು ನಿಲ್ಲಿಸಿ ಗೆರೆ ಎಳೆಯುವ ಕೆಲಸವನ್ನು ಸರ್ಕಾರ ಒಂದೇ ಸಲ, ಊರಿಗೆ ಊರೇ ಮಾಡಬಹುದಿತ್ತು. ಅದರ ಬದಲು ಒಬ್ಬೊಬ್ಬ ರೈತನೂ ಅರ್ಜಿ ಹಾಕಬೇಕು, ಫೀಸು ಕಟ್ಟಬೇಕು, ಕಾಯಬೇಕು. ಸರ್ಕಾರಿ ಕೆಲಸವನ್ನು ಗೊತ್ತುಮಾಡಿದ ದಿನಗಳೊಳಗೆ ಮಾಡಿಕೊಡಬೇಕು ಅನ್ನುವ 'ಸಕಾಲ' ಕಾನೂನು ನಮ್ಮಲ್ಲಿ ಇದೆ. ತಡವಾದರೆ ದಿನಕ್ಕೆ 20 ರೂಪಾಯಿ, ಹೆಚ್ಚೆಂದರೆ 500 ರೂಪಾಯಿ ಪರಿಹಾರ. ಅದನ್ನು ಈಸಿಕೊಂಡು ಬಂದ ಒಬ್ಬರನ್ನೂ ನಮ್ಮ ಹೋಬಳಿಯಲ್ಲಿ ನಾನು ಕಂಡಿಲ್ಲ. ಇಲ್ಲಿ ಜಿಲ್ಲೆಯ ಮೇಯರ್ ಪ್ರತಿ ವರ್ಷ ಏನೇನು ಮುಗಿಸುತ್ತೇನೆ ಅಂತ ಬರೆದು ದೇಶದ ಅಧ್ಯಕ್ಷರ ಮುಂದೆಯೇ ಸಹಿ ಹಾಕಬೇಕು. ಇದಕ್ಕೆ 'ಇಮಿಹಿಗೊ' ಅನ್ನುತ್ತಾರೆ.

ರುವಾಂಡ ಚಿಕ್ಕ ದೇಶ, ನಿಜ. ಕರ್ನಾಟಕದ ಏಳನೇ ಒಂದು ಭಾಗದಷ್ಟೂ ಇಲ್ಲ. ಹೊರದೇಶಗಳ ದುಡ್ಡೂ ಬಂತು. ಇನ್ನೊಂದು ಮಾತನ್ನೂ ಹೇಳಲೇಬೇಕು. ಪಾಲ್ ಕಗಾಮೆ 2000ದಿಂದ ಅಧ್ಯಕ್ಷರು, 2024ರ ಚುನಾವಣೆಯಲ್ಲಿ ಅವರಿಗೆ ಬಿದ್ದದ್ದು ಶೇಕಡ 99ರಷ್ಟು ವೋಟು. ಮೇಲಿನವರು ಹೇಳಿದರೆ ಇಲ್ಲ ಅನ್ನುವುದು ಇಲ್ಲಿ ಸುಲಭವಲ್ಲ. ಯಾವ ಹೊಲದಲ್ಲಿ ಯಾವ ಬೆಳೆ ಅಂತ ಸರ್ಕಾರವೇ ಹೇಳಿದ್ದೂ ಉಂಟು. ಕೃಷಿ ಜಮೀನನ್ನು ಒಂದು ಹೆಕ್ಟೇರಿಗಿಂತ ಚಿಕ್ಕದಾಗಿ ಒಡೆಯಬಾರದು ಅಂತ 2013ರಲ್ಲಿ ಕಾನೂನು ಬಂದಾಗ, ಅಣ್ಣತಮ್ಮಂದಿರು ಒಳಗೊಳಗೇ ಪಾಲು ಮಾಡಿಕೊಂಡರು. ಅಂಥ ಪಾಲು ದಾಖಲೆಗೆ ಬರುತ್ತಿರಲಿಲ್ಲ. ನಮ್ಮೂರಲ್ಲಿ ರೈತ ಸಂಘದವರು ಹಸಿರು ಶಾಲು ಹಾಕಿಕೊಂಡು ತಾಲೂಕು ಕಚೇರಿ ಬಾಗಿಲಲ್ಲಿ ಕೂತರೆ ತಹಶೀಲ್ದಾರರು ಎದ್ದು ಬಂದು ಮಾತಾಡಲೇಬೇಕು. ಅದನ್ನು ಬಿಟ್ಟುಕೊಟ್ಟು ಪೋಡಿ ಪಡೆಯೋಣ ಅಂತ ನಾನು ಹೇಳಲಾರೆ.

ಆದರೆ ಹಳ್ಳಿಯ ಮನೆಗಳನ್ನು ಡ್ರೋನ್ ಹಾರಿಸಿ ಅಳೆಯುವ 'ಸ್ವಾಮಿತ್ವ' ಯೋಜನೆ 2020ರಿಂದಲೇ ನಮ್ಮ ದೇಶದಲ್ಲಿದೆ. ಬೇಸಿಗೆಯಲ್ಲಿ ಬೆಳೆ ಇಲ್ಲದೆ ಬದುಗಳೆಲ್ಲ ಕಾಣುವಾಗ ಅದೇ ಡ್ರೋನನ್ನು ಹೊಲಗಳ ಮೇಲೂ ಹಾರಿಸಲಿ. ಊರಿನ ಹುಡುಗರಿಗೆ ಹಾಳೆ, ಪೆನ್ನು ಕೊಡಲಿ. ತಮ್ಮನೂ ದೊಡ್ಡಪ್ಪನ ಮಕ್ಕಳೂ ಬದುವಿನ ಮೇಲೆ ನಿಲ್ಲಲು ಈಗಲೂ ತಯಾರಿದ್ದಾರೆ. ಹತ್ತು ನಿಮಿಷದ ಕೆಲಸ.