ದೊಡ್ಡಪ್ಪ ಯಾವ ಲೆಕ್ಕದಲ್ಲೂ ಇಲ್ಲ

ನನ್ನ ದೊಡ್ಡಪ್ಪ ತೀರಿಕೊಂಡಿದ್ದು 1998ರ ಮಳೆಗಾಲದಲ್ಲಿ, ಮಾಗಡಿ ಕಡೆಯ ನಮ್ಮ ಊರಿನಲ್ಲಿ. ರಾತ್ರಿ ನಡುಮನೆಯಲ್ಲಿ ಚಾಪೆ ಹಾಸಿಕೊಂಡು ಮಲಗಿದ್ದರು. ಬೆಳಗಿನ ಜಾವ ಎದ್ದು ಹೊಟ್ಟೆ ಹಿಂಡುತ್ತಿದೆ ಅಂದರು. ದೊಡ್ಡಮ್ಮ ಓಮಿನ ಕಷಾಯ ಮಾಡಿಕೊಟ್ಟರು. ಸ್ವಲ್ಪ ಹೊತ್ತಿಗೆ ಕಣ್ಣಿನ ರೆಪ್ಪೆ ಎತ್ತೋಕೆ ಆಗಲಿಲ್ಲ, ನಾಲಿಗೆ ತೊದಲಿತು. ಆಸ್ಪತ್ರೆಗೆ ಹೋಗುವ ದಾರಿಯಲ್ಲೇ ಉಸಿರು ನಿಂತಿತು. ಮೈಮೇಲೆ ಒಂದು ಗಾಯ ಇರಲಿಲ್ಲ. ಸಾವಿನ ಕಾರಣ ಅಂತ ಪುಸ್ತಕದಲ್ಲಿ ಬರೆದದ್ದು "ಹೊಟ್ಟೆನೋವು".

ಬೆಂಗಳೂರಿಗೆ ಬಂದು ಎಷ್ಟೋ ವರ್ಷದ ಮೇಲೆ, ಪಿಎಚ್‌ಸಿಯಲ್ಲಿ ಕೆಲಸ ಮಾಡುವ ಗೆಳತಿಗೆ ಇದನ್ನು ಹೇಳಿದೆ. ಅವಳು ಪೂರ್ತಿ ಕೇಳುವ ಮೊದಲೇ "ಕಟ್ಟು ಹಾವು ಕಣೇ" ಅಂದಳು. ಕೆಲವು ಕಡೆ ಇದನ್ನೇ ಕಡಂಬಳ ಅಂತಾರೆ. ರಾತ್ರಿ ಹೊತ್ತು ನೆಲದ ಮೇಲೆ ಮಲಗಿದವರನ್ನು ಕಚ್ಚುತ್ತದೆ. ನೋವು ಇರುವುದಿಲ್ಲ, ಊತ ಬರುವುದಿಲ್ಲ, ಹಲ್ಲಿನ ಗುರುತೂ ಸರಿಯಾಗಿ ಕಾಣುವುದಿಲ್ಲ. ಹೊಟ್ಟೆನೋವಿನಿಂದ ಶುರುವಾಗಿ ಉಸಿರಾಟದ ಸ್ನಾಯುಗಳೇ ನಿಲ್ಲುತ್ತವೆ. ಆ ರಾತ್ರಿ ನಾನು ನಿದ್ದೆ ಮಾಡಲಿಲ್ಲ.

ಇಂಥ ಸಾವುಗಳನ್ನು ಲೆಕ್ಕ ಹಾಕುವುದು ಹೇಗೆ? ನಮ್ಮ ದೇಶದಲ್ಲಿ ನೋಂದಣಿಯಾಗುವ ಸಾವುಗಳಲ್ಲಿ ಹೆಚ್ಚುಕಡಿಮೆ ಐದರಲ್ಲಿ ಒಂದಕ್ಕೆ ಮಾತ್ರ ಡಾಕ್ಟರು ಕಾರಣ ಬರೆದುಕೊಡುತ್ತಾರೆ. ಹಾಗಾಗಿ ಮಿಲಿಯನ್ ಡೆತ್ ಸ್ಟಡಿ ಅನ್ನುವ ಅಧ್ಯಯನದವರು ಸಾವಾದ ಮನೆಗಳಿಗೇ ಹೋದರು. ಏನಾಯಿತು, ಹೇಗಾಯಿತು ಅಂತ ಮನೆಯವರನ್ನು ಕೂರಿಸಿಕೊಂಡು ಕೇಳಿದರು. ಅದರಿಂದ ಸಿಕ್ಕ ಅಂದಾಜು: 2000ದಿಂದ 2019ರವರೆಗೆ ಭಾರತದಲ್ಲಿ ಹಾವು ಕಚ್ಚಿ ಸತ್ತವರು ಸುಮಾರು 12 ಲಕ್ಷ. ವರ್ಷಕ್ಕೆ 58,000. ಸರ್ಕಾರಿ ಆಸ್ಪತ್ರೆಗಳ ಲೆಕ್ಕದಲ್ಲಿ ಕಂಡ ಸಂಖ್ಯೆ ಇದರ ಹತ್ತಿರಕ್ಕೂ ಬರುವುದಿಲ್ಲ. ಸತ್ತವರಲ್ಲಿ ಹೆಚ್ಚಿನವರು ಆಸ್ಪತ್ರೆ ಮುಟ್ಟಿರಲೇ ಇಲ್ಲ. ಬಹುಪಾಲು ರೈತರು, ಕೂಲಿಯವರು, ಅವರ ಮಕ್ಕಳು.

ಸಂಖ್ಯೆ ಅಂದರೆ ಸುಮ್ನೆ ಕಾಗದದ ಮಾತಲ್ಲ. ಒಬ್ಬ ರೋಗಿಗೆ ಶುರುವಿನಲ್ಲೇ 8ರಿಂದ 10 ವಯಲ್ (ಸಣ್ಣ ಬಾಟಲಿ) ಆಂಟಿವೆನಮ್, ಅಂದರೆ ಹಾವಿನ ವಿಷಕ್ಕೆ ಕೊಡುವ ಔಷಧಿ, ಬೇಕು. ಗೆಳತಿ ಹೇಳುವ ಪ್ರಕಾರ ಅವರು ಔಷಧಿಗೆ ಬೇಡಿಕೆ ಪಟ್ಟಿ ಕಳಿಸುವುದು ಹೋದ ವರ್ಷ ಎಷ್ಟು ಖರ್ಚಾಯಿತು ಅಂತ ನೋಡಿ. ಕೇಸು ಬರೆದಿಲ್ಲ ಅಂದರೆ ಔಷಧಿ ಬರುವುದಿಲ್ಲ. ಔಷಧಿ ಇಲ್ಲ ಅಂದರೆ ಜನ ಅಲ್ಲಿಗೆ ಹೋಗುವುದಿಲ್ಲ, ನಾಟಿ ಮದ್ದಿನವರ ಹತ್ತಿರ ಹೋಗುತ್ತಾರೆ. ಆಗ ಮತ್ತೆ ಕೇಸು ಬರೆಯುವುದಿಲ್ಲ. ದೊಡ್ಡಪ್ಪನಂಥವರು ಬಿದ್ದುಹೋಗುವುದು ಈ ಸುತ್ತಿನೊಳಗೇ.

ಪ್ರಪಂಚದ ಮಟ್ಟದಲ್ಲೂ ಇದೇ ಕಥೆ. ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಲ್ಲಿ ಹಾವು ಕಡಿತದಿಂದ ವರ್ಷಕ್ಕೆ 81,000ದಿಂದ 1,38,000 ಜನ ಸಾಯುತ್ತಾರೆ. ಈ ಎರಡು ಸಂಖ್ಯೆಗಳ ನಡುವಿನ ಅಂತರ ನೋಡಿ! 57,000 ಜನ ಸತ್ತರೋ ಇಲ್ಲವೋ ಅಂತಲೇ ಖಚಿತವಿಲ್ಲ. ಕಡೆಗಣಿಸಲಾದ ಕಾಯಿಲೆಗಳ ಪಟ್ಟಿಗೆ ಆ ಸಂಸ್ಥೆ ಹಾವು ಕಡಿತವನ್ನು ಸೇರಿಸಿದ್ದು 2017ರಲ್ಲಿ. ಅದಕ್ಕೂ ಮೊದಲೇ, 2014ರಲ್ಲಿ, ಆಫ್ರಿಕಾದ ಹಾವುಗಳಿಗೆಂದೇ ಇದ್ದ ಒಂದು ಆಂಟಿವೆನಮ್ ತಯಾರಿಕೆಯನ್ನು ಫ್ರಾನ್ಸ್‌ನ ಕಂಪನಿ ನಿಲ್ಲಿಸಿತ್ತು. ಕೊಳ್ಳುವವರು ಬಡವರು, ಲಾಭ ಇಲ್ಲ.

ಹಾವಿನ ಮಾತು ಬಿಡಿ, ಒಂದು ಕಡೆ ಕ್ಷಾಮ ಇದೆ ಅಂತ ಘೋಷಿಸೋಕೂ ಹೀಗೇ ಸತ್ತವರ ಲೆಕ್ಕ ಬೇಕು. ಹಸಿವಿನಿಂದ, ಇಲ್ಲವೇ ಹಸಿವಿನ ಜೊತೆ ಬರುವ ಕಾಯಿಲೆಯಿಂದ ದಿನಕ್ಕೆ 10,000 ಜನರಲ್ಲಿ ಕನಿಷ್ಠ ಇಬ್ಬರು ಸಾಯುತ್ತಿದ್ದಾರೆ ಅನ್ನುವುದು ಅದರ ಅಳತೆಗಳಲ್ಲಿ ಒಂದು. ಸುಡಾನ್‌ನಲ್ಲಿ 2023ರ ಏಪ್ರಿಲ್‌ನಲ್ಲಿ ಯುದ್ಧ ಶುರುವಾಯಿತು. ಅಲ್ಲಿ ಮನೆ ಬಿಟ್ಟು ಬಂದವರ ಜಮ್‌ಜಮ್ ಶಿಬಿರದಲ್ಲಿ ಕ್ಷಾಮ ಇದೆ ಅಂತ ತಜ್ಞರು ಹೇಳಿದ್ದು 2024ರ ಆಗಸ್ಟ್‌ನಲ್ಲಿ. ಗುಂಡು ಹಾರುವ ಜಾಗಕ್ಕೆ ಹೋಗಿ ಸತ್ತವರನ್ನು ಎಣಿಸುವವರು ಯಾರು? ಹೆಚ್ಚು ಕಷ್ಟ ಇರುವ ಕಡೆಯೇ ಲೆಕ್ಕ ಕಡಿಮೆ. ಇದು ನನಗೆ ಸಹಿಸೋಕೆ ಆಗದ ಅನ್ಯಾಯ.

ನಮ್ಮ ರಾಜ್ಯ ಒಂದು ಒಳ್ಳೆಯ ಕೆಲಸ ಮಾಡಿದೆ, ಅದನ್ನು ಮನಸ್ಸು ತುಂಬಿ ಹೇಳಬೇಕು. 2024ರ ಫೆಬ್ರವರಿಯಲ್ಲಿ ಕರ್ನಾಟಕ ಸರ್ಕಾರ ಹಾವು ಕಡಿತವನ್ನು ಕಡ್ಡಾಯವಾಗಿ ವರದಿ ಮಾಡಬೇಕಾದ ಕಾಯಿಲೆ ಅಂತ ಘೋಷಿಸಿತು. ಖಾಸಗಿ ಆಸ್ಪತ್ರೆಗಳೂ ಈಗ ತಿಳಿಸಲೇಬೇಕು. ಇಲ್ಲೇ ಮಲ್ಲೇಶ್ವರದ ಪಕ್ಕದ ಐಐಎಸ್‌ಸಿಯಲ್ಲಿ ಬೇರೆ ಬೇರೆ ಪ್ರದೇಶದ ಹಾವುಗಳ ವಿಷವನ್ನು ಹೋಲಿಸಿ ನೋಡುತ್ತಿದ್ದಾರೆ. ನಮ್ಮ ಆಂಟಿವೆನಮ್‌ಗೆ ಬೇಕಾದ ವಿಷ ಬಹುಪಾಲು ತಮಿಳುನಾಡಿನಲ್ಲಿ ಹಾವು ಹಿಡಿಯುವ ಇರುಳ ಸಮುದಾಯದವರ ಸಹಕಾರ ಸಂಘದಿಂದ ಬರುತ್ತದೆ. ಆದರೆ ಒಂದೇ ಜಾತಿಯ ಹಾವಾದರೂ ಊರಿಂದೂರಿಗೆ ವಿಷ ಬೇರೆ, ಒಂದು ಕಡೆಯ ವಿಷದಿಂದ ಮಾಡಿದ ಔಷಧಿ ಇನ್ನೊಂದು ಕಡೆ ಅಷ್ಟು ಕೆಲಸ ಮಾಡದಿರಬಹುದು. ಎಲ್ಲಿ, ಯಾವ ಹಾವು, ಯಾರನ್ನು ಕಚ್ಚಿತು ಅನ್ನುವ ಲೆಕ್ಕ ಇದ್ದರೆ ಐಐಎಸ್‌ಸಿಯವರ ಕೆಲಸಕ್ಕೂ ದಾರಿ ಸಿಗುತ್ತದೆ ಅಲ್ವಾ?

ವರದಿ ಕಡ್ಡಾಯವಾದ ಮೇಲೆ ಸಂಖ್ಯೆ ಏರುತ್ತದೆ. "ಹಾವಿನ ಕಾಟ ಜಾಸ್ತಿಯಾಯಿತು" ಅಂತ ಸುದ್ದಿ ಬರುತ್ತದೆ. ದಯವಿಟ್ಟು ಗಾಬರಿಯಾಗಿ ಹಾವು ಹೊಡೆಯೋಕೆ ಹೋಗಬೇಡಿ. ಹಾವು ಜಾಸ್ತಿಯಾಗಿರುವುದಿಲ್ಲ. ಇಷ್ಟು ದಿನ ಹೊಟ್ಟೆನೋವು ಅಂತ ಬರೆಸಿಕೊಂಡವರು ಈಗ ಸರಿಯಾದ ಕಾಲಂಗೆ ಬರುತ್ತಿರುತ್ತಾರೆ.

ಈ ಸಲ ಊರಿಗೆ ಹೋದಾಗ ನಿಮ್ಮ ಪಿಎಚ್‌ಸಿಯಲ್ಲಿ ಎರಡು ಮಾತು ಕೇಳಿ. ಆಂಟಿವೆನಮ್ ಎಷ್ಟು ವಯಲ್ ಇದೆ? ಹೋದ ವರ್ಷ ಎಷ್ಟು ಹಾವು ಕಡಿತ ಬರೆದುಕೊಂಡಿದ್ದೀರಿ? ದಸರಾ ರಜೆಗೆ ನಾನೂ ಹೋಗುತ್ತಿದ್ದೇನೆ. ದೊಡ್ಡಮ್ಮ "ನಾನೂ ಬತ್ತೀನಿ, ನಾನೇ ಕೇಳ್ತೀನಿ" ಅಂದಿದ್ದಾರೆ.