ಓಡುವವರನ್ನೆಲ್ಲ ರೇಸಿಗೆ ಎಳೆಯಬೇಡಿ

ಆರು ವರ್ಷದಿಂದ ಮೈಸೂರಿನ ಕುಕ್ಕರಹಳ್ಳಿ ಕೆರೆ ಸುತ್ತ ಓಡುತ್ತಿದ್ದೇನೆ. ವಾರಕ್ಕೆ ನಾಲ್ಕು ದಿನ, ಬೆಳಿಗ್ಗೆ, ಒಂದೇ ಸುತ್ತು. ವಾಚ್ ಕಟ್ಟುವುದಿಲ್ಲ, ಕಿವಿಗೆ ಏನೂ ಹಾಕಿಕೊಳ್ಳುವುದಿಲ್ಲ. ಸುಸ್ತಾದರೆ ನಡೆಯುತ್ತೇನೆ. ಹೆಜ್ಜಾರ್ಲೆಗಳು ನೀರಿಗೆ ಇಳಿಯುತ್ತಿದ್ದರೆ ನಿಂತು ನೋಡುತ್ತೇನೆ. ಅಷ್ಟು ದೊಡ್ಡ ಹಕ್ಕಿ, ಎರಡೂ ಕಾಲು ಮುಂದಕ್ಕೆ ಚಾಚಿ, ನೀರು ಸೀಳಿಕೊಂಡು ಜಾರಿ ಬಂದು ನಿಲ್ಲುತ್ತದೆ. ಆಮೇಲೆ ಮತ್ತೆ ಓಡುತ್ತೇನೆ. ನನಗೆ ಓಟ ಅಂದರೆ ಇಷ್ಟೇ.

ಸುತ್ತಲಿನವರಿಗೆ ಮಾತ್ರ ಇಷ್ಟು ಸಾಲುತ್ತಿರಲಿಲ್ಲ. ಆಫೀಸಿನಲ್ಲಿ, "ಇಷ್ಟು ವರ್ಷದಿಂದ ಓಡ್ತೀರ, ಒಂದು ರೇಸೂ ಓಡಿಲ್ವಾ ಮೇಡಂ?" ನಮ್ಮ ಬೀದಿಯ ವಾಟ್ಸಾಪ್ ಗ್ರೂಪಿನಲ್ಲಿ ಯಾರದಾದರೂ ಮೆಡಲ್ ಫೋಟೋ ಬಂದರೆ ಅದರ ಕೆಳಗೆ ನನಗೇ ಪ್ರಶ್ನೆ, "ನೀವು ಯಾವಾಗ?" ನಕ್ಕು ಸುಮ್ಮನಾಗುತ್ತಿದ್ದೆ. ಕೊನೆಗೆ ನಾದಿನಿ ಫೋನ್ ಮಾಡಿ, "ಅತ್ತಿಗೆ, ಹತ್ತು ಕಿಲೋಮೀಟರ್‌ಗೆ ನಿಮ್ಮ ಹೆಸರೂ ಕೊಟ್ಟಿದ್ದೀನಿ, ದುಡ್ಡೂ ಕಟ್ಟಾಯ್ತು" ಅಂದಳು. ಪ್ರೀತಿಯಿಂದ ಮಾಡಿದ್ದು. ಬೇಡ ಅನ್ನಲು ಬಾಯಿ ಬರಲಿಲ್ಲ.

ರೇಸಿನ ದಿನ ಎದೆ ಮೇಲೆ ನಂಬರ್ ಚೀಟಿ, ನಾಲ್ಕು ಮೂಲೆಗೂ ಪಿನ್ನು. ಹೊರಟ ಕೂಡಲೇ ಎಲ್ಲರೂ ನನ್ನನ್ನು ದಾಟಿಕೊಂಡು ಹೋಗತೊಡಗಿದರು. ನನ್ನ ಕಾಲು ತಾನಾಗಿಯೇ ಅವರ ಬೆನ್ನು ಹತ್ತಿತು. ಪಕ್ಕದವರ ಜೊತೆ ಮಾತಾಡಲು ಆಗುವಷ್ಟು ವೇಗದಲ್ಲಿ ಓಡಿದರೆ ತುಂಬಾ ಹೊತ್ತು ತಾಳಬಹುದು, ಇದು ಓಡುವವರಿಗೆಲ್ಲ ಗೊತ್ತಿರುವ ಲೆಕ್ಕ. ಎರಡನೇ ಕಿಲೋಮೀಟರಿಗೇ ನನ್ನ ಬಾಯಿಂದ ಒಂದು ಮಾತೂ ಹೊರಡುತ್ತಿರಲಿಲ್ಲ. ಏಳು ಕಿಲೋಮೀಟರ್ ಆಗುವ ಹೊತ್ತಿಗೆ ಪಕ್ಕೆ ಹಿಡಿದುಕೊಂಡಿತು. ಮನೆ ಮುಂದೆ ಚೊಂಬು ಹಿಡಿದು ನಿಂತಿದ್ದ ಅಜ್ಜಿಯೊಬ್ಬರು ನೀರು ಕೊಟ್ಟು, "ನಿಧಾನ ಕಣವ್ವಾ, ಯಾರೂ ಅಟ್ಟಿಸ್ಕೊಂಡು ಬರ್ತಿಲ್ಲ" ಅಂದರು. ಕಣ್ಣು ತುಂಬಿ ಬಂತು. ಉಳಿದ ಮೂರು ಕಿಲೋಮೀಟರ್ ನನ್ನ ಹೆಜ್ಜೆಯಲ್ಲಿ ಓಡಿದೆ. ಆ ದಿನ ನನ್ನದು ಅನ್ನಿಸಿದ್ದು ಆ ಮೂರೇ.

ಮನೆಗೆ ಬಂದಾಗ ಅತ್ತೆ ಮೆಡಲ್‌ಗೆ ಕುಂಕುಮ ಹಚ್ಚಿ ದೇವರ ಮುಂದೆ ಇಟ್ಟರು. ಅವರ ಮುಖ ನೋಡಿ ನನಗೂ ಖುಷಿಯಾಯಿತು, ಇಲ್ಲ ಅನ್ನುವುದಿಲ್ಲ.

ಆದರೆ ಆಮೇಲೆ ಒಂದು ತಿಂಗಳು ಕೆರೆ ಹತ್ತಿರ ಫೋನಿನಲ್ಲಿ ನಿಮಿಷ ನೋಡಿಕೊಂಡೇ ಓಡಿದೆ. ಒಂದು ದಿನ ಸುತ್ತು ಮುಗಿಸಿ ಗೇಟಿಗೆ ಬಂದಾಗ ನೆನಪಾಯಿತು, ಹಕ್ಕಿಗಳ ಕಡೆ ತಿರುಗಿಯೂ ನೋಡಿರಲಿಲ್ಲ. ಏನೋ ಕಳೆದುಕೊಂಡ ಹಾಗೆ ಅಲ್ಲೇ ಕಟ್ಟೆ ಮೇಲೆ ಕೂತುಬಿಟ್ಟೆ.

ಈಗ ಹೊಸ ಪ್ರಶ್ನೆ. ಹಾಫ್ ಮ್ಯಾರಥಾನ್ ಯಾವಾಗ, ಫುಲ್ ಮ್ಯಾರಥಾನ್ ಯಾವಾಗ? ಫುಲ್ ಅಂದರೆ 42.195 ಕಿಲೋಮೀಟರ್. ಆ ಅಳತೆ ಬಂದದ್ದು 1908ರ ಲಂಡನ್ ಒಲಿಂಪಿಕ್ಸ್‌ನಿಂದ. ವಿಂಡ್ಸರ್ ಅರಮನೆಯಿಂದ ಹೊರಟು, ಕ್ರೀಡಾಂಗಣದಲ್ಲಿ ರಾಜಮನೆತನದವರು ಕೂರುವ ಜಾಗದ ಮುಂದೆ ಮುಗಿಯುವ ಹಾಗೆ ದಾರಿ ಹಾಕಿದ್ದರು. 1921ರಲ್ಲಿ ಅದೇ ಖಾಯಂ ಆಯಿತು. ಅಷ್ಟು ದೂರ ಓಡಿ ಮುಗಿಸುವವರನ್ನು ಕಂಡರೆ ನನಗೆ ತುಂಬಾ ಗೌರವ. ಆದರೆ ಎಲ್ಲಿಯದೋ ಅರಮನೆಗೆ ಹೊಂದಿಸಿದ ಅಳತೆಗೆ ನನ್ನ ಬೆಳಗು ಯಾಕೆ ಹೊಂದಬೇಕು?

ರೇಸ್ ಓಡದವರ ಓಟ ಬರೀ ತಾಲೀಮು ಅಂತ ನಾವು ಅಂದುಕೊಂಡುಬಿಟ್ಟಿದ್ದೇವೆ. ಮನೆಯಲ್ಲಿ ಹಾಡಿಕೊಳ್ಳುವವರಿಗೆ ಸಂಗೀತ ಕಚೇರಿ ಯಾವಾಗ ಅನ್ನುತ್ತೇವೆ. ಹೋಳಿಗೆ ಚೆನ್ನಾಗಿ ಮಾಡುವವರಿಗೆ ಅಂಗಡಿ ಇಡಿ ಅನ್ನುತ್ತೇವೆ. ಒಬ್ಬರು ತಮ್ಮಷ್ಟಕ್ಕೆ ಖುಷಿಯಾಗಿ ಮಾಡಿಕೊಂಡಿರುವುದನ್ನು ಹಾಗೇ ಬಿಡುವುದು ಅಷ್ಟು ಕಷ್ಟವಾ?

ಹಾಫ್‌ಗೆ ನನ್ನ ಹೆಸರು ಕೊಡಬೇಡ ಅಂತ ನಿನ್ನೆ ನಾದಿನಿಗೆ ಹೇಳಿದೆ. ಸ್ವಲ್ಪ ಹೊತ್ತು ಮಾತಾಡಲಿಲ್ಲ, ಆಮೇಲೆ "ಆಯ್ತು ಅತ್ತಿಗೆ" ಅಂದಳು. ಅವಳಿಗೆ ರೇಸ್ ಅಂದರೆ ಪ್ರಾಣ, ಅವಳು ಓಡಲಿ. ಅವತ್ತು ದಾರಿಯಲ್ಲಿ ನಾನು ಚೊಂಬಿನಲ್ಲಿ ನೀರು ಹಿಡಿದು ನಿಂತಿರುತ್ತೇನೆ.